ತೈಕ್ಕಡವಿನ ಇಪ್ಪತ್ತೆಂಟು ನಿಮಿಷ

ತೈಕ್ಕಡವ್ ಸ್ಟೇಷನ್ನಿಗೆ ಶಾಪ ಹಾಕದೆ ಎರ್ನಾಕುಲಂ ಮುಟ್ಟಿದ ಪ್ರಯಾಣಿಕರಿದ್ದರು ಎಂದರೆ ನಂಬುವುದು ಕಷ್ಟ. ಆಲಪ್ಪುಳದಿಂದ ಬೆಳಿಗ್ಗೆ ಹೊರಡುವ ಪ್ಯಾಸೆಂಜರ್ ಗಾಡಿ ಏಳು ನಲವತ್ತೆರಡಕ್ಕೆ ಅಲ್ಲಿಗೆ ಬರುತ್ತಿತ್ತು. ಕಡಲ ಪಕ್ಕದ ಆ ದಾರಿಯಲ್ಲಿ ಇರುವುದು ಒಂದೇ ಹಳಿ. ಆದ್ದರಿಂದ ಗಾಡಿ ಪಕ್ಕದ ಲೂಪ್ ಹಳಿಗೆ ಸರಿದು, ಎದುರಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು, ಎಂಟು ಹತ್ತರವರೆಗೆ ತೆಪ್ಪಗೆ ನಿಲ್ಲಬೇಕು. ಇದಕ್ಕೆ ರೈಲ್ವೆಯವರು ಕ್ರಾಸಿಂಗ್ ಎನ್ನುತ್ತಾರೆ. ಪ್ರಯಾಣಿಕರು ಏನೆನ್ನುತ್ತಿದ್ದರು ಎಂಬುದನ್ನು ಬರೆಯುವ ಹಾಗಿಲ್ಲ. ಕೋರ್ಟಿನ ಗುಮಾಸ್ತರು, ಬಟ್ಟೆ ಅಂಗಡಿಯ ಹುಡುಗಿಯರು, ಕಾಲೇಜಿನ ಮಕ್ಕಳು, ಎಲ್ಲರೂ ದಿನಾ ಇಪ್ಪತ್ತೆಂಟು ನಿಮಿಷ ಅಲ್ಲಿ ಬೆವರುತ್ತ ಕೂತು ಗಡಿಯಾರ ನೋಡುತ್ತಿದ್ದರು.

ಹಾಗೆ ನೋಡಿದರೆ ಆ ಸ್ಟೇಷನ್ ಊರಿನವರೇ ಹಟ ಹಿಡಿದು ತರಿಸಿಕೊಂಡದ್ದು. ಎಂಬತ್ತರ ದಶಕದ ಕೊನೆಗೆ ಹಳಿ ಬಂದಾಗ ಗಾಡಿಗಳು ನಿಲ್ಲದೆ ಹೋಗುತ್ತಿದ್ದವು. ಹಗ್ಗದ ಕೆಲಸದ ಹೆಂಗಸರು ಹಳಿಯ ಪಕ್ಕ ಚಾಪೆ ಹಾಸಿ ಹನ್ನೊಂದು ದಿನ ಕೂತರು. ಇಗರ್ಜಿಯವರು ಚರ್ಚಿನ ಮುಂದಿನ ತೆಂಗಿನ ತೋಟದಲ್ಲಿ ಒಂದು ಪಟ್ಟಿ ಬಿಟ್ಟುಕೊಟ್ಟರು. ಮೊದಲು ಬಂದದ್ದು ಹೆಂಚಿನ ಒಂದು ಕೋಣೆ. ಆಮೇಲೆ ಎರಡನೆಯ ಹಳಿ, ಸಿಗ್ನಲ್ಲು, ಮೂರು ಲಿಪಿಯ ಹಳದಿ ಬೋರ್ಡು. ಹೋಗಿ ಬರುವ ಆರಾರು ಗಾಡಿಗಳು ನಿಲ್ಲತೊಡಗಿದವು. ಕೊರೋನಾ ಬಂದು ಗಾಡಿಗಳೆಲ್ಲ ನಿಂತು ಮತ್ತೆ ಶುರುವಾದಾಗ ಆರರಲ್ಲಿ ನಾಲ್ಕೇ ಉಳಿದವು. ಉಳಿದ ನಾಲ್ಕರಲ್ಲಿ ಜನಕ್ಕೆ ಬೇಕಾದದ್ದು ಇದೊಂದೇ. ಅದಕ್ಕೇ ಅಷ್ಟು ಬೈಗುಳ.

ಆ ಬೈಗುಳವನ್ನು ಹನ್ನೆರಡು ವರ್ಷ ಕೇಳಿಸಿಕೊಂಡವರು ಸ್ಟೇಷನ್ ಮಾಸ್ಟರ್ ಕೃಷ್ಣಾನಂದರು. ಕಾಸರಗೋಡಿನ ಕಡೆಯ ಕನ್ನಡದವರು. ತೆಳ್ಳಗೆ, ಎತ್ತರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಾತು ಕಡಿಮೆ. ಯಾರಾದರೂ ಜಗಳಕ್ಕೆ ಬಂದರೆ "ಕಂಟ್ರೋಲ್ ಆರ್ಡರ್" ಎಂದು ಎರಡೇ ಶಬ್ದ ಹೇಳಿ ಒಳಗೆ ಹೋಗುತ್ತಿದ್ದರು. ಕಂಟ್ರೋಲ್ ಎಂದರೆ ತಿರುವನಂತಪುರದ ಡಿವಿಷನ್ ಆಫೀಸಿನಲ್ಲಿ ಕೂತು, ಯಾವ ಗಾಡಿ ಎಲ್ಲಿ ನಿಲ್ಲಬೇಕು ಎಂದು ಫೋನಿನಲ್ಲಿ ಹೇಳುವವರು. ಬೆಳಗಿನ ಹೊತ್ತು ಆ ಕುರ್ಚಿಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ಕೊಡಗಿನ ಮಾಚಯ್ಯ. ಇಬ್ಬರೂ ಕನ್ನಡದವರು, ದಿನಾ ಮಾತಾಡುವವರು. ಆದರೂ ಕೃಷ್ಣಾನಂದರು ಅವರ ಹತ್ತಿರ ಒಂದು ದಿನವೂ ಏನನ್ನೂ ಕೇಳಿದವರಲ್ಲ. ಡ್ಯೂಟಿಯಲ್ಲಿ ಮುಲಾಜು ಕೇಳಿದವನು ಡ್ಯೂಟಿ ಮಾಡಿದ ಹಾಗಾಗುವುದಿಲ್ಲ ಎಂಬುದು ಅವರ ಹಟ. ಹಟವೆನ್ನಿ, ಜಂಬವೆನ್ನಿ.

ಅವರ ಹೆಂಡತಿ ಸುಮಿತ್ರ ಮೂರು ವರ್ಷದಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಸೋಮವಾರ, ಬುಧವಾರ, ಶುಕ್ರವಾರ ಎರ್ನಾಕುಲಂಗೆ ಹೋಗಬೇಕು, ನಾಲ್ಕು ಗಂಟೆ ಮಷೀನಿನ ಪಕ್ಕ ಮಲಗಬೇಕು, ಮೂರು ಗಂಟೆಯ ಗಾಡಿಗೆ ವಾಪಸು. ಸಂಜೆ ಅವಳ ಹತ್ತಿರ ಇರಬೇಕೆಂದು ಕೃಷ್ಣಾನಂದರು ಬೆಳಗಿನ ಪಾಳಿಯನ್ನೇ ಮಾಡುತ್ತಿದ್ದರು. ಇನ್ನೊಬ್ಬ ಸ್ಟೇಷನ್ ಮಾಸ್ಟರ್ ಉಲ್ಲಾಸ್ ಉಳಿದ ಪಾಳಿ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಸುಮಿತ್ರಳ ಜೊತೆಗೆ ಹೋಗುತ್ತಿದ್ದದ್ದು ಪಕ್ಕದ ಮನೆಯ ಫಾತಿಮಾ. ಎರ್ನಾಕುಲಂನ ಬಟ್ಟೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ; ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಸುಮಿತ್ರಳನ್ನು ಆಸ್ಪತ್ರೆಗೆ ಬಿಟ್ಟು ಅಂಗಡಿಗೆ ಹೋಗುವಳು.

ಗಾಡಿ ಲೂಪಿಗೆ ಬಂದು ನಿಂತಿತೆಂದರೆ ಕೃಷ್ಣಾನಂದರಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ಎಕ್ಸ್‌ಪ್ರೆಸ್ಸಿಗೆ ಹಳಿ ಸಿದ್ಧ ಮಾಡಿಟ್ಟು, ಫೋನ್ ಬಂದರೆ ಕೂಗು ಎಂದು ಕೈಕೆಳಗಿನ ಪಾಯಿಂಟ್ಸ್‌ಮನ್‌ಗೆ ಹೇಳಿ ಹೊರಗೆ ಬರುತ್ತಿದ್ದರು. ಹೆಂಗಸರ ಬೋಗಿಯ ಮೂರನೆಯ ಕಿಟಕಿ. ಸುಮಿತ್ರ ಗಾಡಿ ಹತ್ತುವಾಗಲೇ ಸ್ಟೀಲಿನ ಡಬ್ಬಿಯನ್ನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಇಟ್ಟಿರುತ್ತಿದ್ದಳು. ಅದರಲ್ಲಿ ನಾಲ್ಕು ನೀರುದೋಸೆ, ಕಾಯಿಚಟ್ನಿ. ಅವರು ಕಿಟಕಿಯ ಹತ್ತಿರ ನಿಂತು ತಿನ್ನುವುದು, ಅವಳು ಒಳಗೆ ಕೂತು ನೋಡುವುದು. ತೆಂಗಿನಕಾಯಿ ಅವಳಿಗೆ ಕೂಡದು, ಉಪ್ಪು ಲೆಕ್ಕದ್ದು, ನೀರು ದಿನಕ್ಕೆ ಮೂರು ಲೋಟ. ಚಟ್ನಿ ಅರೆದವಳು ನಾಲಗೆಗೆ ಮುಟ್ಟಿಸಿ ನೋಡುವ ಹಾಗಿಲ್ಲ.

"ಉಪ್ಪು ಸರಿ ಉಂಟಾ?" ಎಂದು ಕೇಳುವಳು.

"ಸರಿ ಉಂಟು."

"ಸುಮ್ಮನೆ ಹೇಳ್ಬೇಡಿ ಮಾರಾಯ್ರೆ. ಹುಳಿ?"

"ಹುಳಿ ಒಂದು ಚೂರು ಮುಂದೆ. ಹಸಿಮೆಣಸು ಮೊನ್ನೆಯದಕ್ಕಿಂತ ಖಾರ."

ಅವಳು ಕಣ್ಣು ಮುಚ್ಚಿ ಕೇಳುವಳು. ಮನೆಯಲ್ಲಿ ಹೀಗೆ ಮಾತಾಡಿ ಯಾವ ಕಾಲವಾಯಿತೋ. ಮನೆಯಲ್ಲಿ ಔಷಧಿ, ಊತ, ವಾಂತಿ, ಮುಂದಿನ ರಕ್ತಪರೀಕ್ಷೆ. ಆಸ್ಪತ್ರೆಯಿಂದ ಬಂದ ಸಂಜೆ ಅವಳು ಗೋಡೆಗೆ ಮುಖ ಮಾಡಿ ಮಲಗಿದರೆ ಮಾತಿಲ್ಲ. ಅವರು ಗಂಜಿ ಮಾಡುವುದು, ಕಾಲೊತ್ತುವುದು, ಅದಕ್ಕೂ ಮಾತಿಲ್ಲ. ಕಿಟಕಿಯ ಹತ್ತಿರ ಮಾತ್ರ ಕಾಯಿಲೆಯ ಸುದ್ದಿ ಬರುತ್ತಿರಲಿಲ್ಲ. ಯಾಕೆ ಹೀಗೆ ಎಂದು ಇಬ್ಬರೂ ಕೇಳಿಕೊಂಡವರಲ್ಲ.

ಒಂದು ಕಾರಣ ಹೇಳಬಹುದು. ಮೂವತ್ತೆರಡು ವರ್ಷದ ಹಿಂದೆ ಅವರ ಪರಿಚಯವಾದದ್ದೂ ಹೀಗೆಯೇ. ಕಾಸರಗೋಡಿನ ಉತ್ತರಕ್ಕೆ ಒಂದು ಚಿಕ್ಕ ಸ್ಟೇಷನ್ನಿನಲ್ಲಿ ಆತ ಹೊಸ ಅಸಿಸ್ಟೆಂಟ್; ಆಕೆ ಮಂಗಳೂರಿಗೆ ಟೈಪಿಂಗ್ ಕಲಿಯಲು ಹೋಗುವ ಹುಡುಗಿ. ಲೋಕಲ್ ಗಾಡಿ ಅಲ್ಲಿಯೂ ಕ್ರಾಸಿಂಗಿಗೆ ನಿಲ್ಲುತ್ತಿತ್ತು. "ಇವತ್ತು ಎಷ್ಟು ಹೊತ್ತು ನಿಲ್ಲಿಸ್ತೀರಿ?" ಎಂದು ಅವಳು ಕಿಟಕಿಯಿಂದ ಜೋರಾಗಿ ಕೇಳಿದ್ದೇ ಮೊದಲ ಮಾತು. ಅಷ್ಟು ದೊಡ್ಡ ಬಾಯಿಯ ಹುಡುಗಿ ಬೇಡ ಎಂದು ಅವರ ಅಮ್ಮ ಮೂಗು ಮುರಿದಿದ್ದರು. ಆ ಬಾಯಿಗೇ ಕೃಷ್ಣಾನಂದರು ಸೋತದ್ದು.

ತೈಕ್ಕಡವಿನಲ್ಲಿಯೂ ಆ ಬಾಯಿ ಹಾಗೆಯೇ ಇತ್ತು. ಒಂದು ದಿನ ಎದುರು ಸೀಟಿನ ಹೆಂಗಸೊಬ್ಬಳು, ಈ ಸ್ಟೇಷನ್ ಮಾಸ್ಟರನ ಕಾಲು ಮುರಿಯಲಿ ಎಂದಳಂತೆ. ಸುಮಿತ್ರ, "ಕಾಲು ಮುರಿದರೆ ನೋಡಿಕೊಳ್ಳಬೇಕಾದವಳು ನಾನು ತಾಯೀ, ಬೇರೆ ಏನಾದರೂ ಬೈಯಿ" ಎಂದು ಮಲಯಾಳದಲ್ಲಿ ಹೇಳಿ ಇಡೀ ಬೋಗಿಯನ್ನು ನಗಿಸಿದ್ದಳು.

ಕೃಷ್ಣಾನಂದರು ನಿವೃತ್ತರಾಗಬೇಕಿದ್ದ ವರ್ಷದ ಏಪ್ರಿಲ್ಲಿನ ಒಂದು ಸೋಮವಾರ ಎಕ್ಸ್‌ಪ್ರೆಸ್ ತಡವಾಯಿತು. ಇಪ್ಪತ್ತೆಂಟು ನಿಮಿಷವಲ್ಲ, ಒಂದು ಗಂಟೆ ಹತ್ತು ನಿಮಿಷ ಪ್ಯಾಸೆಂಜರ್ ಗಾಡಿ ಲೂಪಿನಲ್ಲಿ ನಿಂತಿತು. ಆ ಪ್ಲಾಟ್‌ಫಾರ್ಮಿಗೆ ಚಾವಣಿಯಿಲ್ಲ. ಬಿಸಿಲು ನೇರ ಬೋಗಿಗೆ ಹೊಡೆಯುತ್ತಿತ್ತು. ಸುಮಿತ್ರಳ ಮುಖ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಕೃಷ್ಣಾನಂದರು ಆಫೀಸಿನ ಬಾಗಿಲಿನಿಂದಲೇ ಕಂಡರು. ಆಸ್ಪತ್ರೆ ಮುಟ್ಟುವಾಗ ಅವಳ ಸರದಿ ತಪ್ಪಿ, ಮಷೀನ್ ಬೇರೆಯವರಿಗೆ ಹೋಗಿತ್ತು. ಮಧ್ಯಾಹ್ನ ಎರಡರವರೆಗೆ ಕಾಯಬೇಕಾಯಿತು. ರಾತ್ರಿ ಮನೆಗೆ ಬಂದವಳಿಗೆ ಉಸಿರು ಎಳೆದುಕೊಳ್ಳುವುದೇ ಕೆಲಸವಾಯಿತು.

ಮಗಳು ಅನ್ವಿತಾ ಕಾಕ್ಕನಾಡಿನ ಕಂಪನಿಯಿಂದ ಬಂದವಳು ತಾಯಿಯನ್ನು ನೋಡಿ ರೇಗಿದಳು. ಮನೆಯಲ್ಲಿ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳ. "ಅಮ್ಮೇ, ನಾಳೆ ಮುದಲ್ ಕ್ಯಾಬ್ ವಿಳಿಕ್ಕಾಂ" ಎಂದಳು. ನಾಳೆಯಿಂದ ಕ್ಯಾಬ್ ಕರೆಯುತ್ತೇನೆ ಎಂದು.

"ಕ್ಯಾಬೂ ಬೇಡ ಗೀಬೂ ಬೇಡ. ನಂಗೆ ಗಾಡಿಯೇ ಆಗ್ಬೇಕು" ಎಂದಳು ಸುಮಿತ್ರ.

"ಅಪ್ಪಾ, ನಿಂಙಳ್ ಪರಯೂ" ಎಂದು ಅನ್ವಿತಾ ತಂದೆಯ ಕಡೆ ತಿರುಗಿದಳು. ನೀವಾದರೂ ಹೇಳಿ.

ಕೃಷ್ಣಾನಂದರು, ಹೆಂಡತಿ ಖರ್ಚಿಗೆ ಹೆದರುತ್ತಿದ್ದಾಳೆ ಎಂದುಕೊಂಡರು. ಅವಳನ್ನು ಬಿಸಿಲಿನಲ್ಲಿ ಕೂರಿಸಿದ್ದು ತಾನೇ ಕೆಂಪು ಮಾಡಿಟ್ಟ ಸಿಗ್ನಲ್ಲು ಎಂಬ ಒಂದೇ ಯೋಚನೆ ಅವರ ತಲೆಯಲ್ಲಿ ಸುತ್ತುತ್ತಿತ್ತು. ಮರುದಿನ ಬೆಳಿಗ್ಗೆ ಅವರು ಕಂಟ್ರೋಲ್ ಫೋನ್ ಎತ್ತಿದರು.

"ಮಾಚಯ್ಯನವರೇ, ಒಂದು ಮಾತು ಕೇಳ್ಲಿಕ್ಕುಂಟು."

"ಏನು, ನೀವು ಕೇಳೋದಾ? ಇಷ್ಟು ವರ್ಷದಲ್ಲಿ ಇದೇ ಮೊದಲು ಕಣ್ರಿ. ಹೇಳಿ ಹೇಳಿ."

ಕೃಷ್ಣಾನಂದರು ಹೇಳಿದ್ದು ಇಷ್ಟು. ಪ್ಯಾಸೆಂಜರನ್ನು ತೈಕ್ಕಡವಿನಲ್ಲಿ ಕೂರಿಸುವ ಬದಲು ಉತ್ತರದ ಮುಂದಿನ ಸ್ಟೇಷನ್ನಿಗೆ ಬಿಟ್ಟರೆ ಅಲ್ಲಿ ಹತ್ತು ನಿಮಿಷದಲ್ಲಿ ಎಕ್ಸ್‌ಪ್ರೆಸ್ ಸಿಗುತ್ತದೆ. ಎರ್ನಾಕುಲಂಗೆ ಹದಿನೇಳು ನಿಮಿಷ ಮೊದಲು ಮುಟ್ಟುತ್ತದೆ. ಪ್ಯಾಸೆಂಜರ್ ದಾರಿಯಲ್ಲಿ ಹತ್ತು ನಿಮಿಷ ಎಳೆದರೆ ಎಕ್ಸ್‌ಪ್ರೆಸ್ ನಿಲ್ಲಬೇಕಾಗುತ್ತದೆ, ಬೈಸಿಕೊಳ್ಳುವುದು ಮಾಚಯ್ಯ. "ಮನೆಯವರಿಗೋಸ್ಕರ ಅಲ್ವಾ?" ಎಂದು ಕೇಳಿದರು. ಬೆಳಿಗ್ಗೆ ಬಿಸಿಲು ಜೋರುಂಟು ಎಂದಷ್ಟೇ ಹೇಳಿದರು ಕೃಷ್ಣಾನಂದರು. "ಆಯ್ತು, ನಾಳೆ ಬಿಟ್ಟು ನೋಡೋಣ" ಎಂದರು ಮಾಚಯ್ಯ.

ಮನೆಯಲ್ಲಿ ಅವರು ಈ ವಿಷಯ ಬಾಯಿ ಬಿಡಲಿಲ್ಲ. ಅವಳಿಗೆ ಆಶ್ಚರ್ಯವಾಗಲಿ ಎಂದು ಬಚ್ಚಿಟ್ಟುಕೊಂಡರು. ಮಾತು ಕಡಿಮೆಯವರಿಗೆ ಉಡುಗೊರೆ ಕೊಡಲೂ ಬರುವುದಿಲ್ಲ, ನೋಡಿ. ಹೀಗೆ ಬಚ್ಚಿಟ್ಟೇ ಕೆಡಿಸುತ್ತಾರೆ.

ಬುಧವಾರ ಗಾಡಿ ಲೂಪಿಗೆ ಹೋಗದೆ ಮೊದಲನೆಯ ಪ್ಲಾಟ್‌ಫಾರ್ಮಿಗೇ ಬಂತು. ಜನ ಅಲ್ಲಿಗೆ ಓಡಿದರು. ಆ ಗಡಿಬಿಡಿಯಲ್ಲಿ ಸುಮಿತ್ರ ಡಬ್ಬಿಯನ್ನು ಬೆಂಚಿನ ಮೇಲಿಡದೆ ಕೈಯಲ್ಲೇ ಹಿಡಿದು ಫಾತಿಮಾಳ ಜೊತೆ ಹತ್ತಿದಳು. ಹೇಗೂ ಅರ್ಧ ಗಂಟೆ ಉಂಟಲ್ಲ ಎಂಬ ಧೈರ್ಯ. ಒಂದೇ ನಿಮಿಷ. ಗಾಡಿ ಹೊರಟಿತು. ಕೃಷ್ಣಾನಂದರು ಆಫೀಸಿನ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದರು. ಬೋಗಿಯಿಂದ ಬೋಗಿಗೆ ಜನ ಕೇಕೆ ಹಾಕಿದರು, ಯಾರೋ ಸಿಳ್ಳೆ ಹೊಡೆದರು. ಮೂರನೆಯ ಕಿಟಕಿ ಎದುರಿಗೆ ಬಂದಾಗ ಸುಮಿತ್ರ ಡಬ್ಬಿಯನ್ನು ಎತ್ತಿ ಸರಳಿಗೆ ಒತ್ತಿ ಹಿಡಿದಿದ್ದಳು. ಏನೋ ಹೇಳಿದಳು, ಕೇಳಿಸಲಿಲ್ಲ. ಅವರು ನಕ್ಕು ಬಾವುಟವನ್ನು ಇನ್ನಷ್ಟು ಎತ್ತಿದರು. ಅವಳ ಕಣ್ಣು ಒದ್ದೆಯಾಗಿದ್ದದ್ದು ಕಂಡಿತು. ಸಂತೋಷಕ್ಕೆ ಎಂದುಕೊಂಡರು.

ಆ ಸಂಜೆ ಅವರೇ ಮಾತು ತೆಗೆದರು. "ಹೇಗಾಯ್ತು ಇವತ್ತು?"

"ಬೇಗ ಮುಟ್ಟಿತು" ಎಂದಳು ಸುಮಿತ್ರ. ಆಮೇಲೆ, "ನೀವು ಹೇಳಿ ಮಾಡಿಸಿದ್ದಾ?"

"ಹೂಂ."

ಇಡೀ ಸರ್ವೀಸಿನಲ್ಲಿ ಯಾರನ್ನೂ ಏನನ್ನೂ ಕೇಳದ ಗಂಡ ತನಗಾಗಿ ಕೇಳಿದ್ದಾರೆ. ಅವರ ಮುಖದಲ್ಲಿ ಹುಡುಗನ ಹಾಗೆ ಹಿಗ್ಗು ಕಾಣುತ್ತಿತ್ತು. ಸುಮಿತ್ರ ಅವರ ಕೈ ಹಿಡಿದು, "ಒಳ್ಳೇದಾಯ್ತು ಬಿಡಿ" ಎಂದು ಗೋಡೆಗೆ ತಿರುಗಿ ಮಲಗಿದಳು. ಆಮೇಲೆ ಅವಳು ನೀರುದೋಸೆಯನ್ನು ಬೆಳಿಗ್ಗೆ ಐದಕ್ಕೇ ಹೊಯ್ದು ಅಡುಗೆಮನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡತೊಡಗಿದಳು. ಸ್ಟೀಲಿನದು ಎಲ್ಲಿ ಎಂದು ಅವರು ಕೇಳಲಿಲ್ಲ. ಉಪ್ಪು ಸರಿ ಉಂಟಾ ಎಂದು ಅವಳೂ ಕೇಳಲಿಲ್ಲ.

ಏಳು ವಾರ ಹೀಗೆ ಗಾಡಿ ಚೆನ್ನಾಗಿ ಓಡಿತು. ಪ್ರಯಾಣಿಕರ ಸಂಘದವರು ಲಾಡು ತಂದುಕೊಟ್ಟರು. ಜೂನ್ ತಿಂಗಳ ಒಂದು ಶುಕ್ರವಾರ, ಮಷೀನಿನ ಪಕ್ಕ ಮಲಗಿದ್ದಾಗಲೇ ಸುಮಿತ್ರಳ ಹೃದಯ ನಿಂತುಹೋಯಿತು. ಯಾರ ತಪ್ಪೂ ಅಲ್ಲ, ದಣಿದ ಹೃದಯ ಎಂದರು ಡಾಕ್ಟರು. ಅನ್ವಿತಾಳ ಫೋನ್ ಬಂದಾಗ ಕೃಷ್ಣಾನಂದರು ಡ್ಯೂಟಿಯಲ್ಲಿದ್ದರು. ಈ ಸಲ ಅವಳು ಕನ್ನಡದಲ್ಲೇ ಹೇಳಿದಳು: "ಅಪ್ಪಾ, ಅಮ್ಮ ಇಲ್ಲ." ಬೇರೆಯವರು ಬಂದು ಚಾರ್ಜ್ ವಹಿಸಿಕೊಳ್ಳದೆ ಸ್ಟೇಷನ್ ಬಿಡುವ ಹಾಗಿಲ್ಲ. ಉಲ್ಲಾಸ್ ಬರುವವರೆಗಿನ ಐವತ್ತು ನಿಮಿಷದಲ್ಲಿ ಎರಡು ಗಾಡಿಗಳನ್ನು ದಾಟಿಸಿ, ಎರಡಕ್ಕೂ ಬಾವುಟ ತೋರಿಸಿ, ರಿಜಿಸ್ಟರಿನಲ್ಲಿ ಹೊತ್ತು ಬರೆದು ಹೊರಟರು. ಕೈಬರಹ ಒಂಚೂರೂ ಹೆಚ್ಚುಕಮ್ಮಿಯಾಗಿರಲಿಲ್ಲ ಎಂದು ಉಲ್ಲಾಸ್ ಆಮೇಲೆ ಹೇಳುತ್ತಿದ್ದ.

ಹೊಸ ವೇಳಾಪಟ್ಟಿಯಲ್ಲಿ ಬದಲಾವಣೆ ಅಚ್ಚಾಗಿ ಬಂತು: ತೈಕ್ಕಡವ್, ಒಂದು ನಿಮಿಷ. ತಿರುವನಂತಪುರಕ್ಕೆ ಬನ್ನಿ, ಒಳ್ಳೆಯ ಸಲಹೆ ಕೊಟ್ಟದ್ದಕ್ಕೆ ಪ್ರಶಸ್ತಿಪತ್ರ ಉಂಟು ಎಂದು ಡಿವಿಷನ್ ಆಫೀಸಿನಿಂದ ಕಾಗದ ಬಂತು. ಕೃಷ್ಣಾನಂದರು ಹೋದರು. ಚಪ್ಪಾಳೆಯ ನಡುವೆ ಯಾರೋ ದೊಡ್ಡ ಅಧಿಕಾರಿ ಚೌಕಟ್ಟು ಹಾಕಿದ ಕಾಗದ ಕೊಟ್ಟರು. ಆ ದಿನ ಮಾಚಯ್ಯನವರನ್ನು ಅವರು ಮೊದಲ ಸಲ ಕಣ್ಣಾರೆ ಕಂಡರು. ಧ್ವನಿ ದೊಡ್ಡದಾದರೂ ಆಳು ಕುಳ್ಳ. ಮಾಚಯ್ಯ ಅವರ ಭುಜ ಹಿಡಿದು, "ಕೊನೇ ದಿನಗಳಲ್ಲಾದ್ರೂ ಅವರಿಗೆ ಸುಖವಾಯ್ತಲ್ಲ, ಅಷ್ಟು ಸಾಕು" ಎಂದರು. ಅದೊಂದೇ ಸಮಾಧಾನವನ್ನು ಕೃಷ್ಣಾನಂದರು ಮನೆಗೆ ತಂದು, ಸುಮಿತ್ರಳ ಫೋಟೋದ ಪಕ್ಕ ಆ ಚೌಕಟ್ಟನ್ನು ತೂಗುಹಾಕಿದರು.

ಫಾತಿಮಾ ಸ್ಟೀಲಿನ ಡಬ್ಬಿ ತಂದುಕೊಟ್ಟದ್ದು ಅದಾಗಿ ಎರಡು ದಿನಕ್ಕೆ. ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದಳು. ಅದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಕೃಷ್ಣಾನಂದರು ಹೇಳಿದರು. ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟಳು.

"ಸಾರೇ, ಹೇಳಬೇಡ ಅಂತ ಚೇಚಿ ನನ್ನ ಹತ್ತಿರ ಆಣೆ ಹಾಕಿಸಿದ್ದರು" ಎಂದು ಮಲಯಾಳದಲ್ಲಿ ಶುರುಮಾಡಿದಳು. "ಆ ಬುಧವಾರ ಚೇಚಿ ಈ ಡಬ್ಬಿಯನ್ನು ಎರ್ನಾಕುಲಂವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು. ಇಳಿಯುವಾಗ ನನಗೆ ಕೊಟ್ಟು, ನೀನು ತಿನ್ನು, ಉಪ್ಪು ಸರಿ ಇದೆಯಾ ಹೇಳು ಅಂದರು. ನಾನು ಸರಿ ಇದೆ ಅಂದೆ. ನಿನಗೆ ಗೊತ್ತಾಗುವುದಿಲ್ಲ ಅಂದರು. ಡಬ್ಬಿ ಇನ್ನು ಬೇಡ, ನೀನೇ ಇಟ್ಟುಕೋ ಅಂದರು."

ಫಾತಿಮಾ ಕಣ್ಣೊರೆಸಿಕೊಂಡು ಉಳಿದದ್ದನ್ನೂ ಹೇಳಿದಳು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ಒಂದು ವರ್ಷದ ಹಿಂದೆಯೇ ಡಯಾಲಿಸಿಸ್ ಶುರುವಾಗಿತ್ತು. ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಸುಮಿತ್ರಳಿಗೆ ಜಾಗ ಉಂಟು ಎಂದು ಎರಡು ಸಲ ಫೋನ್ ಬಂದಿತ್ತು. ಎರಡು ಸಲವೂ ಅವಳು ಬೇಡವೆಂದಿದ್ದಳು. ಯಾಕೆ ಚೇಚಿ, ಇಷ್ಟು ಕಷ್ಟಪಟ್ಟು ಗಾಡಿಯಲ್ಲಿ ಯಾಕೆ ಎಂದು ಫಾತಿಮಾ ಬೈದದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ಆಟೋದಲ್ಲಿ ಹೋದರೆ ಅವರು ಎಲ್ಲಿ ಸಿಗ್ತಾರೆ? ಮನೆಯಲ್ಲಿರೋರು ನನ್ನ ನರ್ಸು. ನನ್ನ ಗಂಡ ಸಿಗೋದು ತೈಕ್ಕಡವಿನಲ್ಲಿ, ಇಪ್ಪತ್ತೆಂಟು ನಿಮಿಷ."

ಫಾತಿಮಾ ಹೋದ ಮೇಲೆ ಕೃಷ್ಣಾನಂದರು ಚೌಕಟ್ಟನ್ನು ಇಳಿಸಿ ಕಪಾಟಿನಲ್ಲಿಟ್ಟರು. ಅವರಿಗೆ ಲೆಕ್ಕ ಹಾಕುವುದು ಬೇಡವಾಗಿತ್ತು, ತಲೆ ಕೇಳಬೇಕಲ್ಲ. ಏಳು ವಾರ, ವಾರಕ್ಕೆ ಮೂರು ದಿನ. ಕೊನೆಯ ಏಳು ವಾರ. ಅವಳಿಗೆ ಉಳಿದಿದ್ದ ಮಾತನ್ನೆಲ್ಲ ತಾನೇ ಫೋನ್ ಮಾಡಿ ಮುಂದಿನ ಸ್ಟೇಷನ್ನಿಗೆ ಕಳಿಸಿಬಿಟ್ಟೆನಲ್ಲ ಎಂದು ಎದೆ ಬಡಿದುಕೊಳ್ಳುವಷ್ಟು ದುಃಖವಾಯಿತು. ಅವಳಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಸತ್ತವಳ ಮೇಲೆ ಸಿಟ್ಟೂ ಬಂತು. ತನ್ನ ಹಿಗ್ಗು ಕೆಡಬಾರದೆಂದು ಅವಳು ಸುಮ್ಮನಿದ್ದಳು ಎಂದು ತಿಳಿದಾಗ ಆ ಸಿಟ್ಟು ಉಳಿಯಲಿಲ್ಲ. ಅತ್ತರು.

ಅಕ್ಟೋಬರ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಆ ಬೆಳಿಗ್ಗೆ ತಾವೇ ನೀರುದೋಸೆ ಹೊಯ್ದು, ಚಟ್ನಿ ಅರೆದು, ಸ್ಟೀಲಿನ ಡಬ್ಬಿಗೆ ತುಂಬಿಕೊಂಡು ಬಂದರು. ಏಳೂವರೆಗೆ ಕಂಟ್ರೋಲ್ ಫೋನ್ ಹೊಡೆದುಕೊಂಡಿತು. ಮಾಚಯ್ಯನವರಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು, ಫಾತಿಮಾಳಿಂದ ಕೇಳಿ ತಿಳಿದ ಅನ್ವಿತಾ ಫೋನಿನಲ್ಲಿ ಹೇಳಿದ್ದಳು.

"ಕೃಷ್ಣಾನಂದ ಅವ್ರೆ, ಇವತ್ತು ನಿಮ್ಮ ಕೊನೇ ದಿನ. ಹಿಂದಿನ ಹಾಗೆ ಕ್ರಾಸಿಂಗ್ ನಿಮ್ಮಲ್ಲೇ ಇಡ್ತೀನಿ. ಯಾರೂ ಕೇಳಲ್ಲ. ಪ್ಯಾಸೆಂಜರನ್ನ ಲೂಪಿಗೆ ತಗೊಳ್ಳಿ, ನಿಲ್ಲಲಿ ಅರ್ಧ ಗಂಟೆ."

ಕೃಷ್ಣಾನಂದರ ಎದುರು, ಹಳಿ ಬದಲಿಸುವ ಪ್ಯಾನಲ್ ಮೇಲೆ ಲೂಪಿನ ಗುಂಡಿ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಒತ್ತಿದರೆ ಗಾಡಿ ಬರುತ್ತದೆ, ನಿಲ್ಲುತ್ತದೆ, ಮೂರನೆಯ ಕಿಟಕಿಯ ಹತ್ತಿರ ಹೋಗಿ ನಿಲ್ಲಬಹುದು. ಹೊರಗೆ ಒಂದನೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಮೊಣಕೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬಳು ಗಂಡನ ಹೆಗಲಿಗೆ ಒರಗಿ ಕೂತಿದ್ದಳು. ಎರಡು ತಿಂಗಳಿಂದ ಅವಳೂ ಅದೇ ಮಷೀನಿಗೆ ಹೋಗುವವಳು. ಗಂಡ ಮೊನ್ನೆ ಆಫೀಸಿಗೆ ಬಂದು, ಈಗ ಗಾಡಿ ಬೇಗ ಮುಟ್ಟುತ್ತದೆ ಸಾರ್, ಸರದಿ ತಪ್ಪುವುದಿಲ್ಲ ಎಂದು ಕೈಮುಗಿದು ಹೋಗಿದ್ದ.

"ಬೇಡ ಮಾಚಯ್ಯನವರೇ" ಎಂದರು ಕೃಷ್ಣಾನಂದರು. "ಗಾಡಿ ಬಿಡುವ."

ಗಾಡಿ ಬಂತು. ಒಂದು ನಿಮಿಷ ನಿಂತಿತು. ಮೂರನೆಯ ಕಿಟಕಿಯಲ್ಲಿ ಫಾತಿಮಾ ಇದ್ದಳು, ಅವಳ ಪಕ್ಕಕ್ಕೆ ಆ ಹೆಂಗಸು ಬಂದು ಕೂತಳು. ಕೃಷ್ಣಾನಂದರು ಬಾಗಿಲಲ್ಲಿ ನಿಂತು ಹಸಿರು ಬಾವುಟ ತೋರಿಸಿದರು. ಕೊನೆಯ ಬೋಗಿ ಸೇತುವೆ ದಾಟುವವರೆಗೆ ನೋಡಿ ಒಳಗೆ ಬಂದು, ಹೊರಟ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದರು: ಏಳು ನಲವತ್ತಮೂರು.

ಆಮೇಲೆ ಡಬ್ಬಿ ತೆರೆದು ಒಂದು ತುತ್ತು ಬಾಯಿಗಿಟ್ಟರು. ಚಟ್ನಿಗೆ ಉಪ್ಪು ಹಾಕಲು ಮರೆತುಹೋಗಿತ್ತು. ಸರಿ ಉಂಟಾ ಎಂದು ಕೇಳುವವರು ಯಾರೂ ಇರಲಿಲ್ಲ. ಅವರು ನಾಲ್ಕು ದೋಸೆಯನ್ನೂ ಹಾಗೆಯೇ ತಿಂದು ಮುಗಿಸಿದರು.